ಹಸೀನಾ ಸಿಸ್ಟರ್ ತೇಲಿಸಿದ ಬಟ್ಟಲು

ಹಸೀನಾ ಸಿಸ್ಟರ್ ಸ್ಟೀಲಿನ ಬಟ್ಟಲೊಂದನ್ನು ನನ್ನ ಮಗಳ ಹೊಟ್ಟೆಯ ಮೇಲಿಟ್ಟು ತೇಲಿಸುತ್ತಿದ್ದರು.

"ಕಣ್ ಮುಚ್ಚವ್ವಾ. ಇದು ಆನೆಗೊಂದಿ ಹರಿಗೋಲು. ಉಸಿರು ಒಳಗ ತಗೊಂಡ್ರ ಏಳತೈತಿ, ಬಿಟ್ರ ಇಳೀತೈತಿ. ಸಾವಕಾಶ. ನೋವನ್ನೂ ಒಳಗ ಕುಂದರಸ್ಕೋ, ಆಚಿ ದಂಡಿಗೆ ಇಳಿಸಿ ಬರೂಣು."

ಬಟ್ಟಲು ಏಳುತ್ತಿತ್ತು, ಇಳಿಯುತ್ತಿತ್ತು. ಪಕ್ಕದಲ್ಲಿ ಕೂತ ನಾನು, ಅದು ಜಾರಿ ಬಿದ್ದರೆ ಏನು ಗತಿ ಎಂದು ಎರಡೂ ಕೈ ಒಡ್ಡಿಕೊಂಡಿರುತ್ತಿದ್ದೆ.

ಕುಷ್ಟಗಿಯಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವರದು. ಗಂಗಾವತಿ ದವಾಖಾನೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಒಬ್ಬರೇ ಇದ್ದರು. ನನ್ನ ಒಂಬತ್ತು ವರ್ಷದ ಮಗಳು ಸುಮಾಳಿಗೆ ತಿಂಗಳುಗಟ್ಟಲೆ ಹೊಟ್ಟೆನೋವು. ವಾರಕ್ಕೆ ಎರಡು ದಿನ ಶಾಲೆಗೆ ಹೋದರೆ ಅದೇ ಹೆಚ್ಚು. ಗಂಗಾವತಿಯ ಮಕ್ಕಳ ಡಾಕ್ಟರು ರಕ್ತ, ಸ್ಕ್ಯಾನು ಎಲ್ಲ ನೋಡಿ, ಇದು ಔಷಧಿ ಬೇಡುವ ನೋವಲ್ಲ, ಹಸೀನಾ ಸಿಸ್ಟರ್ ನಿಮ್ಮ ಓಣಿಯಲ್ಲೇ ಇದ್ದಾರಲ್ಲ, ಅವರ ಹತ್ತಿರ ಹೋಗಿ ಎಂದಿದ್ದರು. ಕೈಯಲ್ಲಿ ಚೀಟಿ ಇಲ್ಲದೆ ದವಾಖಾನೆಯಿಂದ ಹೊರಬಿದ್ದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

"ಹಂಗಾರ ಸುಳ್ಳ ನೋವೇನ್ರಿ?" ಎಂದು ಸಿಸ್ಟರನ್ನು ಕೇಳಿದೆ.

"ನೋವು ಖರೇನ ಐತ್ರಿ ಮಾಸ್ತರ. ದಿನಾ ಎಷ್ಟು ಸಲ ಕೇಳ್ತೀರಿ, ನೋಯ್ತದೇನು ಅಂತ?"

"ಎರಡ್ಮೂರು ಸಲ."

"ಸುಳ್ರೀ ಸಿಸ್ಟರ್!" ಮಲಗಿದ್ದಲ್ಲಿಂದಲೇ ಸುಮಾ ಕೂಗಿದಳು. "ಉಣ್ಣೂ ಮುಂದ ಕೇಳ್ತಾನ, ಹೆರಳ ಹಾಕ್ಕೊಳೂ ಮುಂದ ಕೇಳ್ತಾನ, ಬಚ್ಚಲ ಬಾಗಲಾ ಬಡದು ಕೇಳ್ತಾನ!"

ನಗುವಿಗೆ ಬಟ್ಟಲು ಉರುಳಿಬಿತ್ತು.

"ಜಡ್ಡು ಆಕಿದು, ಪಥ್ಯ ನಿಮ್ದು," ಎಂದರು ಸಿಸ್ಟರ್. "ಪರೀಕ್ಷಾ ಎಲ್ಲಾ ಆಗ್ಯಾವಲ್ಲ, ಇನ್ ಮ್ಯಾಲ ಕೇಳಬ್ಯಾಡ್ರಿ. ಬೇಕಂದ್ರ ಆಕೀನ ಹೇಳತಾಳ. ಸಾಲಿಗೆ ಕಳಸ್ರಿ."

ಮೊದಲ ವಾರ ಪ್ರಶ್ನೆ ಬಾಯಿಗೆ ಬಂದಾಗಲೆಲ್ಲ ಹಿತ್ತಲಿಗೆ ಹೋಗಿ ನೀರು ಕುಡಿದೆ. ನನ್ನ ಹೊಟ್ಟೆ ಉಬ್ಬಿತೇ ಹೊರತು ಸುಮಾಳಿಗೇನೂ ಆಗಲಿಲ್ಲ. ಅರ್ಧ ದಿನ ಶಾಲೆ, ಆಮೇಲೆ ಪೂರ್ತಿ ದಿನ. ನೋವು ಬಂದರೆ ಬೆಂಚಿನಲ್ಲೇ ಕಣ್ಣು ಮುಚ್ಚಿ ಹರಿಗೋಲು ಹತ್ತುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಅದೂ ಅಪರೂಪವಾಯಿತು. ಕೇಳದೇ ಇರುವುದು ದೊಡ್ಡ ವಿದ್ಯೆ ಎಂದುಕೊಂಡು, ನಾನು ಓಣಿಯಲ್ಲಿ ಯಾರ ಆರೋಗ್ಯವನ್ನೂ ವಿಚಾರಿಸುವುದು ಬಿಟ್ಟೆ.

ಈ ಬೇಸಿಗೆಯಲ್ಲಿ ಸಿಸ್ಟರ್ ತೀರಿಕೊಂಡರು. ಹೊಟ್ಟೆಯಲ್ಲಿ ಗಡ್ಡೆ. "ಭಾಳ ದಿನದಿಂದ ಇತ್ತಂತ್ರಿ," ಎಂದರು ಕುಕನೂರಿನಿಂದ ಬಂದಿದ್ದ ಅವರ ತಂಗಿ. "ಆಪಾ ಯಾರ ಮುಂದನೂ ಅಂದಿಲ್ಲ."

ನಾನು ನೋಡಿದ್ದೆ. ತೀರಿಕೊಳ್ಳುವ ಎರಡು ತಿಂಗಳ ಮೊದಲು, ಒಂದು ಮುಂಜಾನೆ ಅವರು ನಮ್ಮ ಗೇಟಿಗೆ ಬಂದಿದ್ದರು. ರವಿಕೆಯ ತೋಳು ಸಡಿಲಾಗಿ ಜೋತಿತ್ತು. ಎಡಗೈ ಪಕ್ಕೆಯ ಕೆಳಗೆ ಒತ್ತಿಕೊಂಡಿತ್ತು. ಪ್ರಶ್ನೆ ತುಟಿಯವರೆಗೆ ಬಂತು. ಅದನ್ನು ನುಂಗಿ, ಸುಮಾಳ ಗಣಿತದ ಮಾರ್ಕ್ಸು, ನವಲಿ ಕಡೆಯ ನೆಲ್ಲು ಎಂದು ಏನೇನೋ ಹರಟಿದೆ.

"ಮತ್ತೇನ್ರಿ ಮಾಸ್ತರ?" ಎಂದರು.

"ಮತ್ತೇನಿಲ್ರಿ. ಎಲ್ಲಾ ಛಲೋ."

"ಛಲೋ ಆತು ಬಿಡ್ರಿ."

ಹಾಗೆ ಅಂದರೂ ಅವರು ಹೊರಡಲಿಲ್ಲ. ಗೇಟಿನ ಚಿಲಕದ ಮೇಲೆ ಕೈಯಿಟ್ಟು ಇನ್ನೊಂದಿಷ್ಟು ಹೊತ್ತು ಅಲ್ಲೇ ನಿಂತಿದ್ದರು.