ಚಡಪಡಿಯ ಕೈಗೆ ಸಿಕ್ಕ ಹೆಪ್ಪು

ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ ಎಂದು ಅತ್ತೆಯೇ ಸೊಸೆಗೆ ಇಟ್ಟ ಹೆಸರು ಚಡಪಡಿ. ಹಾಲು ಕಾಯುವುದರೊಳಗೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುವ ಜೀವ ಅದು. ಅತ್ತೆಯ ಬ್ರೆಡ್ ಅಂಗಡಿಯಲ್ಲಿ ಎಂಟು ವರ್ಷ ಹಿಟ್ಟು ನಾದಿದ್ದಳು, ಗಿರಾಕಿಗಳನ್ನು ನಗಿಸಿದ್ದಳು. ಒಲೆಯ ಪಕ್ಕದ ಗೂಡಿನಲ್ಲಿದ್ದ ಪಿಂಗಾಣಿ ಭರಣಿಯನ್ನು ಮಾತ್ರ ಅತ್ತೆ ಅವಳ ಕೈಗೆ ಕೊಟ್ಟಿರಲಿಲ್ಲ.

ಭರಣಿಯಲ್ಲಿದ್ದದ್ದು ಹುಳಿಹಿಟ್ಟಿನ ಹೆಪ್ಪು. ಹಾಲಿಗೆ ಮೊಸರಿನ ಹೆಪ್ಪು ಹೇಗೋ ಆ ಅಂಗಡಿಯ ಬ್ರೆಡ್ಡಿಗೆ ಇದು ಹಾಗೆ. ಮೂವತ್ತು ವರ್ಷದಿಂದ ಅತ್ತೆ ಅದನ್ನು ಸಾಯಗೊಟ್ಟಿರಲಿಲ್ಲ. ಮಂಡಿ ಆಪರೇಷನ್ನಿಗೆ ಹೊರಟ ದಿನ ಭರಣಿ ಕೊನೆಗೂ ಸೊಸೆಯ ಪಾಲಿಗೆ ಬಂತು.

“ದಿನಕ್ಕೊಂದೇ ಸಲ. ಅರ್ಧ ತೆಗಿ, ಹಿಟ್ಟು ನೀರು ಹಾಕು, ಮುಚ್ಚಿಟ್ಟು ನಿನ್ನ ಪಾಡಿಗೆ ನೀನು ಹೋಗು.”

“ಅಷ್ಟೂ ಗೊತ್ತಾಗಲ್ವಾ ಅತ್ತೆ ನಂಗೆ?”

“ಬೇರೆಲ್ಲ ಗೊತ್ತಾಗುತ್ತೆ. ಹೋಗೋದೇ ನಿಂಗೆ ಬರಲ್ಲ.”

ಎರಡನೆಯ ದಿನ ಚಳಿಗಾಳಿ ಬೀಸಿತು, ಹೆಪ್ಪು ನಿಧಾನಕ್ಕೆ ಉಬ್ಬಿತು. ಹಸಿವಾಗಿರಬೇಕು ಎಂದುಕೊಂಡಳು ಚಡಪಡಿ. ಅರ್ಧ ತೆಗೆದಳು, ಹಿಟ್ಟು ಹಾಕಿದಳು. ಎರಡು ಗಂಟೆ ಬಿಟ್ಟು ನೋಡಿದರೆ ಗುಳ್ಳೆಯಿಲ್ಲ. ಮತ್ತೆ ತೆಗೆದಳು, ಮತ್ತೆ ಹಾಕಿದಳು. ನಾಲ್ಕನೆಯ ದಿನದ ಹೊತ್ತಿಗೆ ಭರಣಿಯಲ್ಲಿ ಗೋಡೆಗೆ ಭಿತ್ತಿಪತ್ರ ಅಂಟಿಸುವ ಗೋಂದಿನಂಥದ್ದೇನೋ ತೆಪ್ಪಗೆ ಬಿದ್ದಿತ್ತು.

“ಪ್ಯಾಕೆಟ್ ಈಸ್ಟ್ ಹಾಕಿ ಕಲಸಿಬಿಡು,” ಎಂದ ಗಂಡ. “ಅಮ್ಮನಿಗೆ ಯಾರು ಹೇಳ್ತಾರೆ?”

“ನಿಮ್ಮಮ್ಮನಿಗೆ ಅವರ ನಾಲಿಗೆನೇ ಹೇಳುತ್ತೆ, ಸುಮ್ನಿರಿ.”

ಆದರೂ ಅಂಗಡಿ ಮುಚ್ಚುವಂತಿರಲಿಲ್ಲ. ಪ್ಯಾಕೆಟ್ ಈಸ್ಟಿನಲ್ಲೇ ಬ್ರೆಡ್ ಮಾಡಿ, ಹಾಗೆಂದು ಹೇಳಿಯೇ ಮಾರಿದಳು. ದಿನಾ ಬರುವ ನಿವೃತ್ತ ವಿಜ್ಞಾನದ ಮೇಷ್ಟ್ರು ಬ್ರೆಡ್ ಒತ್ತಿ ನೋಡಿ ಮುಖ ಹುಳ್ಳಗೆ ಮಾಡಿಕೊಂಡರು. ಅವಳು ಎಲ್ಲ ಒದರಿದಳು.

“ಅಲ್ಲಮ್ಮ, ಎರಡು ಗಂಟೆಗೊಂದು ಸಲ ಅರ್ಧ ಎಸೆದ್ರೆ ಅದರ ಜೊತೆ ಈಸ್ಟೂ ಅರ್ಧ ಹೋಗಲ್ವಾ? ಉಳಿದದ್ದು ಹಿಟ್ಟಿನ ಸಕ್ಕರೆ ತಿಂದು ಮತ್ತೆ ಎರಡರಷ್ಟು ಆಗೋಕೆ ಹೊತ್ತು ಬೇಕು. ತಿಂದ್ರೆ ತಾನೇ ಗಾಳಿ ಬಿಡೋದು? ಗಾಳಿ ಬಿಟ್ರೆ ತಾನೇ ಉಬ್ಬೋದು? ಊಟಕ್ಕೆ ಕೂತವರನ್ನ ತುತ್ತಿಗೊಂದು ಸಲ ಎಬ್ಬಿಸಿದ ಹಾಗಾಯ್ತು.”

“ಸತ್ತೇಹೋಯ್ತಾ ಮೇಷ್ಟ್ರೇ?”

“ಅಳಿದುಳಿದದ್ದು ಇದ್ರೂ ಇರಬಹುದು. ಬೆಚ್ಚಗಿಟ್ಟು ಒಂದಿಡೀ ದಿನ ಮುಟ್ಟಬೇಡ.”

ಒಂದಿಡೀ ದಿನ! ಭರಣಿಗೆ ಬಟ್ಟೆ ಕಟ್ಟಿದಳು. ನೆಲ ಒರೆಸಿದಳು. ಒರೆಸಿದ ನೆಲವನ್ನೇ ಮತ್ತೆ ಒರೆಸಿದಳು. ನೋಡುತ್ತಾಳೆ, ಕೈ ಆಗಲೇ ಬಟ್ಟೆಯ ಗಂಟಿನ ಮೇಲಿದೆ. ತನ್ನ ಕೈಯಿಂದ ಇದು ಬದುಕುವುದಿಲ್ಲ ಎಂದು ಖಾತ್ರಿಯಾಯಿತು. ಭರಣಿಯನ್ನು ಚೀಲದಲ್ಲಿಟ್ಟು ಸೀದಾ ಆಸ್ಪತ್ರೆಗೆ ನಡೆದಳು.

ಅತ್ತೆ ಪೂರ್ತಿ ಕೇಳಿದರು. ಬಟ್ಟೆ ಸರಿಸಿ ಮೂಸಿದರು.

“ಬೈದುಬಿಡಿ ಅತ್ತೆ, ಹೀಗೆ ಸುಮ್ನಿದ್ರೆ ನಂಗೆ ತಡೆಯೋಕಾಗಲ್ಲ.”

“ಒಂಚೂರು ಹುಳಿ ವಾಸನೆ ಉಳಿದಿದೆ,” ಎನ್ನುತ್ತ ಅತ್ತೆ ಭರಣಿಯನ್ನು ಹೊದಿಕೆಯೊಳಗೆ, ಆಪರೇಷನ್ ಆಗದ ಕಾಲಿನ ಬಳಿ ಇಟ್ಟುಕೊಂಡರು. “ಬೈಯೋದು ಆಮೇಲೆ. ಈಗ ಮನೆಗೆ ಹೋಗು.”

“ಇದಕ್ಕೂ ಜ್ವರ ನೋಡ್ಬೇಕಾ ಅಜ್ಜಿ?” ಎಂದಳು ನರ್ಸಮ್ಮ.

ಚಡಪಡಿ ಬಾಗಿಲವರೆಗೆ ಹೋಗಿ ತಿರುಗಿದಳು. ಅತ್ತೆ ಕಣ್ಣು ದೊಡ್ಡದು ಮಾಡಿದರು. ಹೋದಳು.

ಮಾರನೆಯ ದಿನ ಅತ್ತೆಯನ್ನು ಮನೆಗೆ ಕಳಿಸಿದರು. ಬಾಡಿಗೆ ಕಾರಿನಲ್ಲಿ ಭರಣಿ ಅವರ ಮಡಿಲಲ್ಲಿತ್ತು. ಅದರ ಬಾಯಿಗೆ ಕಟ್ಟಿದ ಬಟ್ಟೆ ಮಗುವಿನ ಕೆನ್ನೆಯ ಹಾಗೆ ಮೆಲ್ಲಗೆ ಮೇಲೆದ್ದಿತ್ತು. ಒಳಗೆ ಗುಳ್ಳೆಗಳು ಎಷ್ಟಿವೆಯೋ, ಹೇಗಿವೆಯೋ! ಚಡಪಡಿಯ ಬೆರಳು ಗಂಟಿನತ್ತ ಹೊರಟಿತು.

ಅತ್ತೆ ಪಟ್ಟನೆ ಹೊಡೆದರು.

“ನಾಳೆ ಬೆಳಿಗ್ಗೆ ನೀನೇ ಬಿಚ್ಚು, ನೀನೇ ಕಲಸು. ಅಲ್ಲಿವರೆಗೂ ಮುಟ್ಟೀಯ, ಜೋಕೆ.”

ಚಡಪಡಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತಳು. ಮನೆ ಇನ್ನೂ ಏಳು ಬೀದಿ ದೂರವಿತ್ತು. ಕಾಲು ಒಂದೇ ಸಮನೆ ಕುಣಿಯುತ್ತಿತ್ತು.