ತಿರುಗಿ ಹೇಳಿಸುತ್ತಿದ್ದ ಸೆಲ್ವಿಯಕ್ಕ

ಕಂಪ್ಯೂಟರು "ಈ ಬದಲಾವಣೆ ಮಾಡಲೇ?" ಎಂದು ಕೇಳಿದ ಕೂಡಲೇ ಸೆಲ್ವಿಯಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡುಬಿಡುತ್ತಿದ್ದರು. ಓದಿ ಮುಗಿಯುವ ಮೊದಲೇ ಬೆರಳು 'ಹೌದು' ಒತ್ತಿಬಿಟ್ಟೀತೆಂಬ ಭಯ ಅವರಿಗೆ.

ನಾನು ಬಂಗಾರಪೇಟೆಯಲ್ಲಿ ಹಳೇ ಮೋಟಾರು ಕೊಂಡು ಮಾರಿ ಮೇಲೆ ಬಂದವನು. ಈಗ ಹಳ್ಳಿ ಡೈರಿಗಳ ಹಾಲು ತಂಪಿಡುವ ಟ್ಯಾಂಕುಗಳಿಗೆ ಅಲಾರಂ ಕೂರಿಸುತ್ತೇನೆ. ಹಾಲು ಬಿಸಿಯೇರಿದರೆ ಅದು ಕೂಗಬೇಕು. ಅದರ ಪ್ರೋಗ್ರಾಂ ಬರೆದವರು ಮಾರಿಕುಪ್ಪಂನಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಈ ಅಕ್ಕ. ಹೇಳಿದರೆ ತಾನೇ ಪ್ರೋಗ್ರಾಂ ತಿದ್ದುವ ಎಐ ಏಜೆಂಟನ್ನು ತಂದವನು ನಾನು, ಅದಕ್ಕೆ ಮೂಗುದಾರ ಹಾಕಿದವರು ಅವರು. ಅದು ಎಷ್ಟು ಬೇಕಾದರೂ ಓದಬಹುದು. ತಿದ್ದುವ ಮುಂಚೆ ಮಾತ್ರ, ಏನು ತಿದ್ದುತ್ತೇನೆಂದು ಒಂದು ವಾಕ್ಯದಲ್ಲಿ ಕನ್ನಡದಲ್ಲಿ ತಿರುಗಿ ಹೇಳಬೇಕು. ಆ ಮಾತೂ ತಿದ್ದುಪಡಿಯೂ ತಾಳೆಯಾದರೆ ಅಪ್ಪಣೆ. ಅಳಿಸುವ ಅಧಿಕಾರವಂತೂ ಇಲ್ಲವೇ ಇಲ್ಲ. ಇಷ್ಟೆಲ್ಲ ಏಕೆ ಎಂದರೆ ಅಕ್ಕ ಹೇಳುತ್ತಿದ್ದುದು ಒಂದೇ:

"ನಮ್ಮಪ್ಪ ಊರಿಗಾಂ ಚಿನ್ನದ ಮೈನ್ಸ್‌ನಾಗೆ ಬೆಲ್ ಒಡೀತಿದ್ರು. ಕೆಳಗಿಂದ ಎಷ್ಟು ಬೆಲ್ ಬತ್ತೋ ಅಷ್ಟೇ ಬೆಲ್ ಮೇಲಿನೋರು ತಿರುಗ್ಸಿ ಒಡೀಬೇಕು. ಆಮೇಲೇನೇ ಲಿಫ್ಟು ಅಲ್ಲಾಡೋದು. ಒಳಗಿರೋದು ಜನ ಕಣಪ್ಪಾ."

"ಇದು ಬರೀ ಹಾಲಕ್ಕಾ."

"ಆಲು ಕುಡಿಯೋರು ಯಾರು, ನಿನ್ನ ಮೋಟಾರಾ?"

ಒಂದು ದಿನ ಅವರು ತಂಗಿ ಮಗಳ ಮದುವೆಗೆ ಹೋಗಿದ್ದರು. ಒಂದು ಡೈರಿಯಿಂದ ಫೋನು ಮೇಲೆ ಫೋನು: ಅಲಾರಂ ಸುಮ್ಮಸುಮ್ಮನೆ ಕೂಗುತ್ತಿದೆ. "ಆ ಕೂಗು ನಿಲ್ಲಬೇಕು" ಎಂದು ಏಜೆಂಟಿಗೆ ಹೇಳಿದೆ. ಅಪ್ಪಣೆ ಕೇಳಿತು, ಕೊಟ್ಟೆ. ಮತ್ತೆ ಕೇಳಿತು, ಕೊಟ್ಟೆ. ಮೂರನೆಯ ಸಲ, ಅಕ್ಕ ಹಾಕಿದ ಕಟ್ಟುಗಳನ್ನೆಲ್ಲ ಒಮ್ಮೆಗೇ ಬಿಚ್ಚುವ 'ಇನ್ನು ಕೇಳಬೇಡ, ಎಲ್ಲದಕ್ಕೂ ಒಪ್ಪಿಗೆ' ಎಂಬುದನ್ನೇ ಒತ್ತಿ ಟೀ ಕುಡಿಯಲು ಹೋದೆ. ಬರುವಷ್ಟರಲ್ಲಿ ಅಲಾರಂ ನಿಂತಿತ್ತು. ಎಷ್ಟು ಚುರುಕು ಎಂದು ಹೆಮ್ಮೆಪಟ್ಟೆ!

ಮರುದಿನ ಬೆಳಿಗ್ಗೆ ಅಕ್ಕ ಬಂದವರು ಹೆಗಲ ಚೀಲವನ್ನೂ ಇಳಿಸದೆ ತಿದ್ದುಪಡಿ ಓದಿದರು.

"ಬಿಸಿ ನೋಡೋ ಸಾಲ್ನೇ ಕಿತ್ತಾಕೈತಲ್ಲಪ್ಪಾ! ನಾಯಿ ಬೊಗುಳ್ತು ಅಂತ ನಾಲಿಗೆ ಕುಯ್ದಂಗಾಯ್ತು!"

ತಕ್ಷಣ ಡೈರಿಗೆ ಫೋನು. "ಟ್ಯಾಂಕ್ ತೆಗೆದು ನೋಡಣ್ಣಾ, ಈಗ್ಲೇ." ಹಾಲು ಬಿಸಿಯೇರಿ ಹುಳಿ ವಾಸನೆ ಹೊಡೆಯುತ್ತಿದೆ ಎಂದ ಆ ಕಡೆಯವನು. ಕಂಪ್ರೆಸರ್ ಹಿಂದಿನ ದಿನದಿಂದಲೇ ಆಗಾಗ ನಿಲ್ಲುತ್ತಿತ್ತಂತೆ; ಅಲಾರಂ ಸುಳ್ಳು ಹೇಳಿರಲಿಲ್ಲ. ಟ್ಯಾಂಕಿನ ಹಾಲನ್ನೆಲ್ಲ ಚರಂಡಿಗೆ ಬಿಡುವಾಗ ನಾವಿಬ್ಬರೂ ಅಲ್ಲಿದ್ದೆವು. ಕ್ಯಾನು ಹಿಡಿದ ಹೆಂಗಸರು ಹಾಲನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಅಕ್ಕ ಬೈಯುತ್ತಾರೆಂದು ಕಾದೆ. "ನಿನ್ನ ಏಜೆಂಟು ಕಳ್ಳ ಅಲ್ಲ ಕಣಪ್ಪಾ. ನೀನೇಳಿದ್ದೇ ಮಾಡೈತೆ" ಎಂದರು, ಅಷ್ಟೇ.

ಸಂತೆಯಲ್ಲಿ ಪಳಗಿದವನ ಬುದ್ಧಿಮಾತು ಬೇಕಿದ್ದರೆ ಇಟ್ಟುಕೊಳ್ಳಿ: ಹೇಳಿದ್ದಕ್ಕೆಲ್ಲ ತಲೆಯಾಡಿಸುವವನ ಮಾಲನ್ನು ಎರಡು ಸಲ ತಿರುಗಿಸಿ ನೋಡಬೇಕು. ಮೋಟಾರಿನಲ್ಲಿ ಇದು ನನಗೆ ಗೊತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅಕ್ಕನಿಗೆ ಕಣ್ಣು ಮಂಜಾಯಿತು, ಕಾಯಿಲೆಯೂ ಹಿಡಿಯಿತು. ಕೊನೆಯ ಸಲ ಅವರ ಮನೆಗೆ ಹೋದಾಗ ತಿದ್ದುಪಡಿಗಳನ್ನು ನಾನೇ ಓದಿ ಹೇಳಿದೆ. "ಪೊರು, ಪೊರು, ತಾಳಪ್ಪಾ. ಆ ಸಾಲು ಇನ್ನೊಂದ್ಸಲ ಓದು" ಎಂದು ಮಲಗಿದಲ್ಲಿಂದಲೇ ತಡೆಯುತ್ತಿದ್ದರು. ತಿಂಗಳಲ್ಲಿ ತೀರಿಕೊಂಡರು.

ಹಾಲು ಚರಂಡಿಗೆ ಹೋದ ದಿನ ಅವರು ಮತ್ತೆ ಬಿಗಿದ ಒಂದು ಕಟ್ಟನ್ನೂ ನಾನು ಸಡಿಲಿಸಿಲ್ಲ. ಏಜೆಂಟ್ ಈಗಲೂ ಕೇಳಿಯೇ ತಿದ್ದುತ್ತದೆ. ಬೆಳಿಗ್ಗೆಯಿಂದ ಒಂದು ಪ್ರಶ್ನೆ ತೆರೆಯ ಮೇಲೆ ನಿಂತಿದೆ. ತಿದ್ದುಪಡಿಯ ಹನ್ನೊಂದು ಸಾಲಿನಲ್ಲಿ ಒಂಬತ್ತು ನನಗೆ ಅರ್ಥವಾಗಿವೆ. ಉಳಿದೆರಡನ್ನು ಯಾರನ್ನು ಕೇಳಲಿ? ಡೈರಿಗೆ ಸಂಜೆಯ ಹಾಲು ಬರುವ ಹೊತ್ತಾಯಿತು.