ಕಿವಿಗೆ ಹಚ್ಚಿದ ನೇರಳೆ ಬಣ್ಣ

ಹಂದಿ ಅಂದ ಕೂಡಲೇ ಮೂಗು ಮುಚ್ಚಿಕೊಳ್ಳುವವರು ಇಲ್ಲಿಗೇ ನಿಲ್ಲಿಸಬಹುದು. ನಾನೂ ಮುಚ್ಚಿಕೊಂಡವನೇ. ತೊಂಬತ್ತರ ದಶಕದಲ್ಲಿ ಹಂದಿಗಳಿಗೆ ಲಸಿಕೆ ಹುಡುಕುವ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಾತ್ರ 'ಹಸುಗಳ ಔಷಧಿ' ಅಂತ ಹೇಳಿಕೊಂಡು ಓಡಾಡಿದೆ. ಇವತ್ತು ಬರೆಯುತ್ತಿರುವುದು ಆ ಸುಳ್ಳಿನ ಬಗ್ಗೆ ಅಲ್ಲ. ಅದಕ್ಕಿಂತ ಕೆಟ್ಟದ್ದೊಂದಿದೆ.

ನಂದಗುಡಿ ಕಡೆ ಒಬ್ಬರು ಹೆಂಗಸು ಹಂದಿ ಸಾಕಿದ್ದರು. ಅಕ್ಕ ಎನ್ನುತ್ತಿದ್ದೆ. ಹತ್ತಿರದ ಹೋಟೆಲಿನ ಮುಸುರೆ ತಂದು ಹಾಕುತ್ತಿದ್ದರು. ಆ ಹಂದಿಗಳಲ್ಲೊಂದು ಕರೀ ಹೆಣ್ಣುಹಂದಿ, ಮರಿಯಿದ್ದಾಗ ತಾಯಿ ಸತ್ತು ಅಕ್ಕನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು, ಈಗ ಗಬ್ಬವಾಗಿತ್ತು.

ಮಳೆಗಾಲದಲ್ಲಿ ಹಂದಿಗಳಿಗೆ ಗಂಟಲು ಊದಿ ಉಸಿರು ಕಟ್ಟುವ ರೋಗ ಬರುತ್ತಿತ್ತು. ಆ ರೋಗಾಣುವಿನ ಮೈಮೇಲಿರುವ ಪ್ರೋಟೀನುಗಳನ್ನಷ್ಟೇ ಬಿಡಿಸಿಕೊಂಡು ಲಸಿಕೆ ಮಾಡಬಹುದೇ ಎಂದು ನಾವು ನೋಡುತ್ತಿದ್ದೆವು. ನಮ್ಮದು ಸೀರೆ ನೇಯುವ ಮಗ್ಗದ ಮನೆ, ಅಕ್ಕನಿಗೂ ಆ ಮಾತಲ್ಲೇ ವಿವರಿಸಿದೆ.

"ಅಂಚು ನೋಡಿ ಸೀರೆ ಗುರುತು ಹಿಡೀತೀವಲ್ಲಕ್ಕಾ, ಹಂಗೇ ಮೈಯೂ ಹುಳದ ಅಂಚು ನೋಡಿ ಗುರುತು ಹಿಡೀತದೆ. ನಾವು ಬರೀ ಅಂಚು ಬಿಡಿಸಿ ಚುಚ್ತೀವಿ. ನಿಜವಾದ್ ಹುಳ ಬಂದಾಗ ಮೈ ಅದನ್ನ ಬಿಡಲ್ಲ."

"ಅಯ್ಯೋ ನಿನ್ನ! ನಾನುಟ್ಟಿರೋ ಸೀರೇದೇ ಅಂಚು ಕಿತ್ತೋಗದೆ, ನನ್ ಹಂದೀಗೆ ಅಂಚು ಹಾಕ್ಸಕ್ ಬಂದವ್ನೆ!" ಎಂದು ನಕ್ಕರು.

ನಕ್ಕು ಒಪ್ಪಿಕೊಂಡರು. ಅಲ್ಲೇ ನಾನು ಒಂದು ಮಾತು ನುಂಗಿಕೊಂಡೆ. ಅರ್ಧ ಹಂದಿಗಳಿಗೆ ಲಸಿಕೆ, ಉಳಿದವಕ್ಕೆ ಬರೀ ಉಪ್ಪುನೀರು. ಹಾಗೆ ಮಾಡಿದರೇ ವ್ಯತ್ಯಾಸ ತಿಳಿಯುವುದು. ಇದನ್ನು ಸಾಕಿದವರಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಹೇಳಿದರೆ ಹಂದಿ ಮುಟ್ಟಲು ಬಿಡುವುದಿಲ್ಲವೆಂದು ಹೇಳಲೇ ಇಲ್ಲ. ಚೀಟಿ ಎತ್ತಿದಾಗ ಕರೀಹಂದಿಗೆ ಉಪ್ಪುನೀರು ಬಂತು.

ಲಸಿಕೆ ಬಿದ್ದವಕ್ಕೆ ಗುರುತಿಗೆಂದು ಕಿವಿಯ ಮೇಲೆ ನೇರಳೆ ಬಣ್ಣ ಹಚ್ಚುತ್ತಿದ್ದೆ.

"ಏನಪ್ಪಾ, ನನ್ ಮಗೀಗೆ ಬಣ್ಣ ಇಲ್ವಲ್ಲ? ಔಷಧಿ ಬಿತ್ತೋ ಇಲ್ವೋ?"

"ಬಿತ್ತಕ್ಕಾ. ಬಣ್ಣ ಮರ್ತ್ಬಿಟ್ಟಿದ್ದೆ."

ಹತ್ತಿ ಅದ್ದಿ ಅದರ ಕಿವಿಗೂ ಬಳಿದೆ. ಬಸ್ಸಿಗೆ ಹೊತ್ತಾಗಿತ್ತು. ಬೇರೆ ಕಾರಣವಿಲ್ಲ.

ಮಳೆ ಹಿಡಿಯಿತು, ರೋಗ ಬಂತು. ಕರೀಹಂದಿಯ ಗಂಟಲು ಊದಿದಾಗ ಪಕ್ಕದ ಮನೆಯವರು ಡಾಕ್ಟರನ್ನು ಕರೆಸು ಎಂದರಂತೆ. "ಔಷಧಿ ಬಿದ್ದದೆ, ಕಿವಿ ಬಣ್ಣ ಕಾಣಲ್ವಾ" ಎಂದು ಅಕ್ಕ ಸುಮ್ಮನಿದ್ದರಂತೆ. ನಮ್ಮ ಜೀಪು ಹೋಗುವ ಹೊತ್ತಿಗೆ ಹೊಟ್ಟೆಯಲ್ಲಿದ್ದ ಮರಿಗಳ ಸಮೇತ ಸತ್ತು ಬಿದ್ದಿತ್ತು.

ನಮ್ಮ ಮೇಲಿನ ಸರ್ ಬಗ್ಗಿ ಕಿವಿ ನೋಡಿದರು. "ಲಸಿಕೆ ಹಾಕಿದ್ದೇ ಸತ್ತಿದೆಯಲ್ಲೋ?"

ಅವರನ್ನು ಜೀಪಿನ ಹಿಂದಕ್ಕೆ ಕರೆದು ನಿಜ ಹೇಳಿದೆ. ಇಲ್ಲವಾದರೆ ಲೆಕ್ಕ ತಪ್ಪುತ್ತಿತ್ತಲ್ಲ, ಅದಕ್ಕೆ. ಅವರು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ, "ಬುಕ್ಕು ಸರಿ ಮಾಡು. ಹೋಗಿ ಆಯಮ್ಮಂಗೂ ಹೇಳು" ಎಂದರು.

ಬುಕ್ಕು ಸರಿ ಮಾಡಿದೆ. ಹೋದೆ. ಅಕ್ಕ ಗೋಡೆಗೊರಗಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಅಂದರು:

"ನಿನ್ ಔಷಧೀದೇನ್ ತಪ್ಪಿಲ್ಲ ಬಿಡಪ್ಪಾ. ಹಳಸಿದ್ ಮುಸುರೆ ಹಾಕ್ದೆ ನಾನು. ಗಬ್ಬದ್ ಹೊಟ್ಟೆ, ತಡೀಲಿಲ್ಲ. ಅದ್ಕೇ ಅಲ್ವಾ?"

ನನ್ನ ಮುಖವನ್ನೇ ನೋಡುತ್ತಿದ್ದರು.

"ಇರಬೌದಕ್ಕಾ" ಎಂದೆ.

ಜೀಪು ಹತ್ತಿದಾಗ ಸರ್ ಕೇಳಿದರು, "ಹೇಳ್ದೇನೋ?" ಹೂಂ ಎಂದೆ.

ಆಮೇಲೆ ಅಕ್ಕ ಆ ಹೋಟೆಲಿನ ಮುಸುರೆ ತರುವುದನ್ನೇ ಬಿಟ್ಟರು. ದೂರದ ಇನ್ನೊಂದು ಹೋಟೆಲಿನಿಂದ ಡಬ್ಬ ತಲೆ ಮೇಲೆ ಹೊತ್ತು ನಡೆದು ಬರುತ್ತಿದ್ದರು. ಉಳಿದ ಹಂದಿಗಳ ರಕ್ತ ತೆಗೆಯಲು ಹೋದಾಗಲೆಲ್ಲ ಆ ಡಬ್ಬ ಇಳಿಸಲು ನಾನೇ ಕೈ ಕೊಡುತ್ತಿದ್ದೆ. "ಪುಣ್ಯಾತ್ಮ ನೀನು" ಎನ್ನುತ್ತಿದ್ದರು.